ಡಕ್ಟ್ ಹಾಕಿದ ಗಾಳಿಯಂತ್ರಕ್ಕೆ ಕಡಿವಾಣ

ಎಲ್ಲರಿಗೂ ನಮಸ್ಕಾರ.

ಸಣ್ಣ ಗಾಳಿಯಂತ್ರದ ಸುತ್ತ ಡಕ್ಟ್, ಅಂದರೆ ಕೊಳವೆಯಂಥ ಹೊದಿಕೆ, ಕೂರಿಸಿದವರನ್ನು ಮಾತಿಗೆಳೆದರೆ ಅವರು ಮೊದಲು ಹೇಳುವುದು ವಿದ್ಯುತ್ ಎಷ್ಟು ಹೆಚ್ಚಾಯಿತು ಎಂದು. ನಾನು ಮೊದಲು ಕೇಳುವುದು ಬೇರೆಯೇ. ಜೋರು ಗಾಳಿಯಲ್ಲಿ ಲೋಡ್, ಅಂದರೆ ವಿದ್ಯುತ್ ಬಳಸುವ ಬ್ಯಾಟರಿ ಮುಂತಾದದ್ದು, ಕಳಚಿಹೋದರೆ ನಿಮ್ಮ ರೋಟರ್ (ಬ್ಲೇಡ್‌ಗಳ ಚಕ್ರ) ನಿಮಿಷಕ್ಕೆ ಎಷ್ಟು ಸುತ್ತಿನವರೆಗೆ ಏರುತ್ತದೆ? ಇದಕ್ಕೆ ಅಂಕಿಯಲ್ಲಿ ಉತ್ತರ ಕೊಡಲಾಗದ ಯಂತ್ರವನ್ನು ಕಂಬಕ್ಕೆ ಏರಿಸಲೇಬಾರದು ಎನ್ನುವವನು ನಾನು. ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ ಇರುತ್ತದೆ. ಡಕ್ಟ್‌ನಿಂದ ಬಂದ ಹೆಚ್ಚಿನ ಶಕ್ತಿಯನ್ನು ಬೇಡವಾದಾಗ ಡಕ್ಟೇ ಬಿಟ್ಟುಕೊಡುವಂತೆ ಕಟ್ಟಬೇಕು, ಎಲ್ಲ ಭಾರವನ್ನೂ ಜನರೇಟರ್ ಮೇಲೆ ಹೊರಿಸಬಾರದು ಎಂಬುದು ನನ್ನ ವಾದ.

ಮೊದಲು ಡಕ್ಟ್ ಮಾಡುವ ಕೆಲಸ ಏನು ಎಂದು ನೋಡೋಣ, ಏಕೆಂದರೆ ಇಲ್ಲಿ ಒಂದು ತಪ್ಪು ಕಲ್ಪನೆ ಬೇರೂರಿದೆ. ಡಕ್ಟ್ ಎಂದರೆ ಆಲಿಕೆ, ಅಗಲವಾದ ಬಾಯಿಯಿಂದ ಗಾಳಿ ತುಂಬಿಕೊಂಡು ಕಿರಿದಾದ ಕಡೆ ಜೋರಾಗಿ ನುಗ್ಗಿಸುತ್ತದೆ ಎಂದು ತುಂಬ ಜನ ತಿಳಿದಿದ್ದಾರೆ. ಆದರೆ ಬಯಲಿನ ಗಾಳಿಗೆ ಬಳಸಿಕೊಂಡು ಹೋಗಲು ದಾರಿ ಬೇಕಾದಷ್ಟಿದೆ. ಬಾಯಿಯ ಮುಂದೆ ಒತ್ತಡ ಏರಿದ ಕೂಡಲೇ ಅದು ಪಕ್ಕಕ್ಕೆ ಸರಿದುಬಿಡುತ್ತದೆ. ನಿಜವಾಗಿ ದುಡಿಯುವುದು ಹಿಂಭಾಗ, ಅಂದರೆ ರೋಟರ್‌ನ ಆಚೆ ಅಗಲವಾಗುತ್ತ ಹೋಗುವ ಡಿಫ್ಯೂಸರ್. ಅದರ ಒಳಗೋಡೆಗೆ ಗಾಳಿ ಅಂಟಿಕೊಂಡು ಹರಿದಾಗ ರೋಟರ್‌ನ ಬೆನ್ನಿಗೆ ಒತ್ತಡ ಕುಸಿಯುತ್ತದೆ. ಆ ತಗ್ಗಿದ ಒತ್ತಡ ಮುಂದಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. 1970ರ ದಶಕದಲ್ಲಿ ಅಮೆರಿಕದ ಗ್ರಮ್ಮನ್ ಕಂಪನಿಯ ಎಂಜಿನಿಯರ್‌ಗಳು ಇದನ್ನು ವಿಂಡ್ ಟನೆಲ್‌ನಲ್ಲಿ ವಿವರವಾಗಿ ಪರೀಕ್ಷಿಸಿದರು. ಆಮೇಲೆ ಜಪಾನಿನ ಕ್ಯುಶು ವಿಶ್ವವಿದ್ಯಾಲಯದಲ್ಲಿ ಯುಜಿ ಓಯಾ ಅವರ ತಂಡ ಡಿಫ್ಯೂಸರ್‌ನ ಹಿಂಬಾಯಿಗೆ ಎತ್ತರದ ಅಂಚುಪಟ್ಟಿ ಕೂಡಿಸಿತು. ಆ ಪಟ್ಟಿಯ ಹಿಂದೆ ಏಳುವ ಸುಳಿಗಳು ಒತ್ತಡವನ್ನು ಇನ್ನಷ್ಟು ತಗ್ಗಿಸುತ್ತವೆ. ಹೀಗೆ ಗಿಡ್ಡ ಡಕ್ಟ್‌ನಲ್ಲೂ ಅದೇ ಅಳತೆಯ ಬರಿ ರೋಟರ್‌ಗಿಂತ ಎರಡು-ಮೂರು ಪಟ್ಟು ಶಕ್ತಿ ಪಡೆಯಬಹುದು ಎಂದು ಅವರು ತೋರಿಸಿದರು. ಗಾಳಿಯ ಶಕ್ತಿಯಲ್ಲಿ ಹೆಚ್ಚೆಂದರೆ ಶೇ 59.3 ಮಾತ್ರ ದಕ್ಕುತ್ತದೆ ಎಂದು ಜರ್ಮನ್ ವಿಜ್ಞಾನಿ ಬೆಟ್ಸ್ ಹೇಳಿದ ಮಿತಿ ಮುರಿಯಿತು ಎಂದು ಕೆಲವರು ಇದನ್ನೇ ಸಾರುತ್ತಾರೆ. ಮುರಿಯುವುದು ರೋಟರ್‌ನ ವಿಸ್ತೀರ್ಣಕ್ಕೆ ಲೆಕ್ಕ ಹಾಕಿದಾಗ. ಡಕ್ಟ್‌ನ ಹಿಂಬಾಯಿಯ ವಿಸ್ತೀರ್ಣಕ್ಕೆ ಲೆಕ್ಕ ಹಾಕಿದರೆ ಸಾಮಾನ್ಯವಾಗಿ ಮುರಿಯುವುದಿಲ್ಲ. ಆ ಜಗಳ ಇವತ್ತು ಬೇಡ. ಗಾಳಿಯನ್ನು ಎಳೆಯುವುದು ಹಿಂದಿನ ತಗ್ಗಿದ ಒತ್ತಡ ಎಂಬುದನ್ನು ಮಾತ್ರ ನೆನಪಿಡಿ, ಮುಂದೆ ಬೇಕಾಗುತ್ತದೆ.

ಬರಿ ಸಿದ್ಧಾಂತ ಹೇಳಿದರೆ ಪ್ರಯೋಜನವಿಲ್ಲ, ಒಂದು ಯಂತ್ರವನ್ನು ಕಣ್ಮುಂದೆ ಇಟ್ಟುಕೊಳ್ಳೋಣ. ರೋಟರ್‌ನ ವ್ಯಾಸ 1.5 ಮೀಟರ್, ಐದು ಬ್ಲೇಡ್, ಡಕ್ಟ್‌ನ ಹಿಂಬಾಯಿಯ ವ್ಯಾಸ 2.1 ಮೀಟರ್. ಗೇರ್ ಇಲ್ಲ, ಶಾಶ್ವತ ಅಯಸ್ಕಾಂತದ ಮೂರು ಫೇಸ್ ಜನರೇಟರ್ ನೇರವಾಗಿ ರೋಟರ್‌ಗೇ ಜೋಡಣೆಯಾಗಿದೆ. ಬ್ಲೇಡಿನ ತುದಿ ಗಾಳಿಗಿಂತ ನಾಲ್ಕು ಪಟ್ಟು ವೇಗದಲ್ಲಿ ಓಡುವಾಗ ಯಂತ್ರ ಅತ್ಯುತ್ತಮವಾಗಿ ದುಡಿಯುತ್ತದೆ, ಅಂದರೆ ತುದಿವೇಗದ ಅನುಪಾತ 4. ರೋಟರ್‌ನ ವಿಸ್ತೀರ್ಣಕ್ಕೆ ಬೀಳುವ ಗಾಳಿಯ ಶಕ್ತಿಯಲ್ಲಿ ಶೇ 70ರಷ್ಟು ದಕ್ಕುತ್ತದೆ ಎಂದಿಟ್ಟುಕೊಳ್ಳಿ. ಇವು ಲೆಕ್ಕಕ್ಕೆಂದು ನಾನು ಆರಿಸಿಕೊಂಡ ಅಂಕಿಗಳು. ನಿಮ್ಮ ಯಂತ್ರದ ಅಂಕಿಗಳನ್ನು ಹಾಕಿ ಇದೇ ಲೆಕ್ಕ ಮಾಡಬಹುದು.

ಸೆಕೆಂಡಿಗೆ 10 ಮೀಟರ್ ಗಾಳಿಯಲ್ಲಿ ಈ ಯಂತ್ರ ಸುಮಾರು 760 ವ್ಯಾಟ್ ಕೊಡುತ್ತದೆ. ಆಗ ರೋಟರ್ 510 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 510 ಸುತ್ತು, ತಿರುಗುತ್ತಿರುತ್ತದೆ, ಟಾರ್ಕ್ (ತಿರುಗಿಸುವ ಬಲ) 14 ನ್ಯೂಟನ್-ಮೀಟರ್. ಗಾಳಿ ಇಮ್ಮಡಿಯಾಗಿ 20 ಮೀಟರ್ ಆದರೆ ಶಕ್ತಿ ಎಂಟು ಪಟ್ಟು ಏರಿ 6 ಕಿಲೋವ್ಯಾಟ್, ಟಾರ್ಕ್ ನಾಲ್ಕು ಪಟ್ಟು ಏರಿ 57 ನ್ಯೂಟನ್-ಮೀಟರ್. ಈಗ ಲೋಡ್ ಕಳಚಿತು ಅನ್ನಿ. ತಡೆಯುವ ಟಾರ್ಕ್ ಇಲ್ಲದ ರೋಟರ್ ತುದಿವೇಗದ ಅನುಪಾತ 7ರವರೆಗೆ ಏರಿ ಅಲ್ಲಿ ನೆಲೆ ನಿಂತಿತು ಎಂದುಕೊಂಡರೂ ಅದು 1,780 ಆರ್‌ಪಿಎಂ. ತುದಿಯ ವೇಗ ಸೆಕೆಂಡಿಗೆ 140 ಮೀಟರ್. 400 ಗ್ರಾಂ ತೂಕದ ಒಂದು ಬ್ಲೇಡ್, ಅದರ ಗುರುತ್ವಕೇಂದ್ರ ಅಕ್ಷದಿಂದ 35 ಸೆಂಟಿಮೀಟರ್ ದೂರ. 510 ಆರ್‌ಪಿಎಂನಲ್ಲಿ ಅದು ತನ್ನ ಬುಡವನ್ನು 400 ನ್ಯೂಟನ್ ಬಲದಿಂದ ಎಳೆಯುತ್ತದೆ, 40 ಕಿಲೋ ತೂಗುಹಾಕಿದಷ್ಟು. 1,780ರಲ್ಲಿ ಅದೇ ಬ್ಲೇಡ್ ಎಳೆಯುವುದು ಸುಮಾರು 4,900 ನ್ಯೂಟನ್, ಅರ್ಧ ಟನ್. ವೇಗ ಮೂರೂವರೆ ಪಟ್ಟು, ಎಳೆತ ಹನ್ನೆರಡು ಪಟ್ಟು.

ಇಷ್ಟಕ್ಕೆ ಏರಲು ಎಷ್ಟು ಹೊತ್ತು ಬೇಕು? ಇಂಥ ರೋಟರ್‌ನ ಜಡತ್ವ 0.35 ಕೆಜಿ-ಚದರ ಮೀಟರ್ ಆಸುಪಾಸು ಇರುತ್ತದೆ. 12 ಮೀಟರ್ ಗಾಳಿಯಲ್ಲಿ ಲೋಡ್ ಹೋದರೂ ಸಾಕು, ಒಂದೆರಡು ಸೆಕೆಂಡಿನೊಳಗೆ ವೇಗ ಒಂದೂವರೆ ಪಟ್ಟು ದಾಟುತ್ತದೆ. ಯಾರೋ ಓಡಿಹೋಗಿ ಸ್ವಿಚ್ ಒತ್ತುವಷ್ಟು ಸಮಯ ಇಲ್ಲ. ದೊಡ್ಡ ಯಂತ್ರಗಳಲ್ಲಿ ಭಾರದ ರೋಟರ್ ಒಂದಿಷ್ಟು ಪುರುಸೊತ್ತು ಕೊಡುತ್ತದೆ, ಸಣ್ಣದರಲ್ಲಿ ಆ ಸೌಲಭ್ಯ ಇಲ್ಲ. ಅದಕ್ಕೇ ಸಣ್ಣ ಯಂತ್ರದ ವೇಗ ನಿಯಂತ್ರಣ ಸಣ್ಣ ಸಮಸ್ಯೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಡಕ್ಟ್ ಇಲ್ಲದ ಬಯಲು ರೋಟರ್ ಕಟ್ಟುವವರಿಗೆ ಇದಕ್ಕೆ ಒಂದು ಹಳೆಯ, ಸೊಗಸಾದ ಮದ್ದು ಇದೆ. ರೋಟರನ್ನು ಕಂಬದ ನಡುರೇಖೆಯಿಂದ ಸ್ವಲ್ಪ ಪಕ್ಕಕ್ಕೆ ಕೂರಿಸಿ, ಬಾಲವನ್ನು ಓರೆಯಾದ ಕೀಲಿನ ಮೇಲೆ ನಿಲ್ಲಿಸುತ್ತಾರೆ. ಗಾಳಿ ಜೋರಾದಾಗ ರೋಟರ್ ತಾನಾಗಿ ಗಾಳಿಗೆ ಪಕ್ಕ ಕೊಟ್ಟು ಮಡಚಿಕೊಳ್ಳುತ್ತದೆ. ಇದೇ ಫರ್ಲಿಂಗ್. ವಿದ್ಯುತ್ ಬೇಡ, ಸೆನ್ಸರ್ ಬೇಡ. ಡಕ್ಟ್ ಬಂದ ಕೂಡಲೇ ಈ ಮದ್ದು ಸರಿಯಾಗಿ ಹತ್ತುವುದಿಲ್ಲ. ಡಕ್ಟ್‌ನ ಹಿಂಭಾಗವೇ ದೊಡ್ಡ ಬಾಲದಂತೆ ವರ್ತಿಸಿ ಯಂತ್ರವನ್ನು ಗಾಳಿಯ ಕಡೆಗೆ ತಿರುಗಿಸಿ ಹಿಡಿಯುತ್ತದೆ. ಮೇಲಾಗಿ ಗಾಳಿ 20 ಡಿಗ್ರಿ ಓರೆಯಾಗಿ ಬಂದರೂ ಡಕ್ಟ್ ಅದನ್ನು ಒಳಗೆ ನೇರ ಮಾಡಿಬಿಡುತ್ತದೆ. ದಿನನಿತ್ಯ ಓಡುವಾಗ ಇದು ಒಳ್ಳೆಯ ಗುಣ, ಆದರೆ ಶಕ್ತಿ ಕಡಿಮೆ ಮಾಡಬೇಕೆಂದಾಗ ಅದೇ ಅಡ್ಡ ಬರುತ್ತದೆ. ಪರಿಣಾಮ ಕಾಣಬೇಕಾದರೆ ತುಂಬ ದೊಡ್ಡ ಕೋನಕ್ಕೆ ತಿರುಗಿಸಬೇಕು, ಅಷ್ಟು ತಿರುಗಿಸಿದರೆ ಡಕ್ಟ್‌ನ ಪಕ್ಕದ ಮೈ ಪೂರ್ತಿ ಗಾಳಿಗೆ ಒಡ್ಡಿಕೊಳ್ಳುತ್ತದೆ.

ಇನ್ನೊಂದು ದಾರಿ ಬ್ಲೇಡಿನ ಕೋನ ಬದಲಿಸುವುದು. ತೂಕದ ಗುಂಡು ಮತ್ತು ಸ್ಪ್ರಿಂಗ್ ಇಟ್ಟು, ವೇಗ ಏರಿದಂತೆ ಬ್ಲೇಡ್ ತಾನಾಗಿ ತಿರುಚಿಕೊಳ್ಳುವಂತೆ ಮಾಡಬಹುದು. ಬಯಲು ಯಂತ್ರಗಳಲ್ಲಿ ಇದು ದಶಕಗಳಿಂದ ನಡೆದು ಬಂದಿದೆ. ಡಕ್ಟ್‌ನಲ್ಲಿ ಒಂದು ಸೂಕ್ಷ್ಮ ತೊಡಕು ಇದೆ. ಬ್ಲೇಡಿನ ತುದಿಗೂ ಗೋಡೆಗೂ ನಡುವಿನ ಸಂದು ಕಿರಿದಾಗಿರಬೇಕು, ಇಲ್ಲದಿದ್ದರೆ ಡಕ್ಟ್‌ನ ಲಾಭ ಆ ಸಂದಿನಲ್ಲೇ ಸೋರಿಹೋಗುತ್ತದೆ. ನಮ್ಮ ಯಂತ್ರದಲ್ಲಿ ತ್ರಿಜ್ಯದ ಶೇ 1 ಅಂದರೆ ಏಳೂವರೆ ಮಿಲಿಮೀಟರ್. ಬ್ಲೇಡಿನ ತುದಿಯನ್ನು ದುಂಡು ಗೋಡೆಗೆ ಸರಿಹೊಂದುವಂತೆ ಕತ್ತರಿಸಿರುತ್ತೀರಿ. ಬ್ಲೇಡ್ ತನ್ನ ಉದ್ದದ ಅಕ್ಷದ ಮೇಲೆ ಹೊರಳಿದರೆ ತುದಿಯ ಅಂಚು ಗೋಡೆಯ ದುಂಡಿಗೆ ಹೊಂದುವುದಿಲ್ಲ. ಒಂದು ಕಡೆಗೆ ಹೊರಳಿದರೆ ಸಂದು ಅಗಲವಾಗುತ್ತದೆ, ಇನ್ನೊಂದು ಕಡೆಗೆ ಹೊರಳಿದರೆ ಬ್ಲೇಡಿನ ಮೂಲೆ ಗೋಡೆಯನ್ನು ಮುಟ್ಟಲು ಹೊರಡುತ್ತದೆ. ರೋಟರ್ ಇರುವ ಜಾಗದಲ್ಲಿ ಗೋಡೆಯನ್ನು ಗೋಳದ ತುಂಡಿನಂತೆ ಕಡೆದು ಇದನ್ನು ಬಗೆಹರಿಸಬಹುದು, ಆದರೆ ಸಣ್ಣ ಯಂತ್ರಕ್ಕೆ ಅಷ್ಟು ಕುಸುರಿ ಯಾರಿಗೂ ಬೇಡ.

ಹಾಗಾಗಿ ಹೆಚ್ಚಿನವರು ಕೊನೆಗೆ ಬಂದು ನಿಲ್ಲುವುದು ವಿದ್ಯುತ್ ದಾರಿಯಲ್ಲಿ, ಅಂದರೆ ಜನರೇಟರ್‌ನ ಎಳೆತದಿಂದಲೇ ರೋಟರನ್ನು ಹಿಡಿಯುವುದರಲ್ಲಿ. ಅದು ದಿನನಿತ್ಯದ ಕೆಲಸಕ್ಕೆ ನಿಜವಾಗಿಯೂ ಒಳ್ಳೆಯ ದಾರಿ. ಸಾಮಾನ್ಯ ಗಾಳಿಯಲ್ಲಿ, ಆ ಎಳೆತ ಹೊಂದಿಸುವ ಕಂಟ್ರೋಲರ್ ಪಾಲಿಸಬೇಕಾದ ನಿಯಮ ಒಂದೇ ಸಾಲಿನದು: ಜನರೇಟರ್ ಎಳೆಯುವ ಟಾರ್ಕ್ ವೇಗದ ವರ್ಗಕ್ಕೆ ಅನುಗುಣವಾಗಿರಲಿ. ನಮ್ಮ ಯಂತ್ರಕ್ಕೆ ಆ ಗುಣಕ 0.005. ಸೆಕೆಂಡಿಗೆ ರೇಡಿಯನ್ ಲೆಕ್ಕದಲ್ಲಿ ವೇಗದ ವರ್ಗವನ್ನು 0.005ರಿಂದ ಗುಣಿಸಿದರೆ ಟಾರ್ಕ್ ಬಂತು. 300 ಆರ್‌ಪಿಎಂಗೆ 5 ನ್ಯೂಟನ್-ಮೀಟರ್, 500ಕ್ಕೆ ಸುಮಾರು 14. ಗಾಳಿ ಏರಿದರೆ ರೋಟರ್ ತಾನಾಗಿ ವೇಗ ಏರಿಸಿಕೊಂಡು ಸರಿಯಾದ ಅನುಪಾತಕ್ಕೆ ಬಂದು ಕೂರುತ್ತದೆ, ಗಾಳಿ ಇಳಿದರೆ ಇಳಿಯುತ್ತದೆ. ಗಾಳಿಯ ವೇಗ ಅಳೆಯುವ ಉಪಕರಣವೇ ಬೇಕಿಲ್ಲ. ರೋಟರ್‌ನ ವೇಗ ತಿಳಿಯಲು ಬೇರೆ ಸೆನ್ಸರ್ ಕೂಡ ಬೇಕಿಲ್ಲ, ಒಂದು ಫೇಸಿನ ಆವರ್ತನ ಎಣಿಸಿದರೆ ಸಾಕು. 16 ಪೋಲ್, ಅಂದರೆ 8 ಜೋಡಿ ಪೋಲ್‌ಗಳ ಜನರೇಟರ್ ಆದರೆ 510 ಆರ್‌ಪಿಎಂಗೆ 68 ಹರ್ಟ್ಸ್. ಒಂದು ಎಚ್ಚರಿಕೆ: ಬರಿ ರೋಟರ್‌ಗೆ ಲೆಕ್ಕ ಹಾಕಿದ ಗುಣಕವನ್ನು ಡಕ್ಟ್ ಕೂಡಿಸಿದ ಮೇಲೆ ಹಾಗೇ ಬಿಡಬೇಡಿ. ಡಕ್ಟ್ ಬಂದಾಗ ಶಕ್ತಿಯ ಪ್ರಮಾಣವೂ ಬದಲಾಗುತ್ತದೆ, ಅತ್ಯುತ್ತಮ ಅನುಪಾತವೂ ಬದಲಾಗುತ್ತದೆ, ಗುಣಕದಲ್ಲಿ ಆ ಅನುಪಾತದ ಘನ ಕೂತಿದೆ.

ತೊಂದರೆ ಶುರುವಾಗುವುದು ಗಾಳಿ 12 ಮೀಟರ್ ದಾಟಿದ ಮೇಲೆ. ಅಲ್ಲಿಂದಾಚೆ ವೇಗವನ್ನು 610 ಆರ್‌ಪಿಎಂಗೇ ಹಿಡಿದಿಡೋಣ, ತುದಿವೇಗದ ಅನುಪಾತ ತಗ್ಗಿ ಬ್ಲೇಡ್ ಸ್ಟಾಲ್ ಆಗುತ್ತದೆ (ಅದರ ಮೈಗೆ ಅಂಟಿದ ಹರಿವು ಕಿತ್ತುಕೊಳ್ಳುತ್ತದೆ), ಶಕ್ತಿ ತಾನಾಗಿ ಕುಗ್ಗುತ್ತದೆ ಎಂದು ಪುಸ್ತಕದ ಸಲಹೆ. ಎರಡು-ಮೂರು ತೆಳು ಬ್ಲೇಡಿನ ವೇಗದ ರೋಟರ್‌ನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಡಕ್ಟ್‌ನೊಳಗಿನ ಐದು ಅಗಲ ಬ್ಲೇಡಿನ ರೋಟರ್ ಹಾಗೆ ಬೇಗ ಕೈಬಿಡುವುದಿಲ್ಲ. ಅನುಪಾತ 4ರಿಂದ 2.7ಕ್ಕೆ ಇಳಿದರೂ ಅದರ ಟಾರ್ಕ್ ಗುಣಾಂಕ ಹೆಚ್ಚೇನೂ ಕುಸಿಯುವುದಿಲ್ಲ. 12 ಮೀಟರ್ ಗಾಳಿಯಲ್ಲಿ 20 ನ್ಯೂಟನ್-ಮೀಟರ್ ಇದ್ದದ್ದು 18 ಮೀಟರ್ ಗಾಳಿಯ ಬೀಸಿಗೆ, ಅದೇ 610 ಆರ್‌ಪಿಎಂ ಹಿಡಿದಿಡಲು, 45ರ ಹತ್ತಿರ ಕೇಳುತ್ತದೆ. ಜನರೇಟರ್‌ನಲ್ಲಿ ಟಾರ್ಕ್ ಮತ್ತು ಕರೆಂಟ್ ಜೊತೆಯಲ್ಲೇ ಏರುತ್ತವೆ. ಕಂಟ್ರೋಲರ್ ತನ್ನ ಕರೆಂಟ್ ಮಿತಿ ಮುಟ್ಟಿದ ಕ್ಷಣಕ್ಕೆ ಹಿಡಿತ ತಪ್ಪುತ್ತದೆ, ರೋಟರ್ ಮೇಲಕ್ಕೆ ಜಾರುತ್ತದೆ. ರೋಟರನ್ನು ನಿಧಾನ ಮಾಡಬೇಕಾದರೆ ಆ ಕ್ಷಣದಲ್ಲಿ ಗಾಳಿ ಕೊಡುವುದಕ್ಕಿಂತ ಹೆಚ್ಚು ಟಾರ್ಕ್ ಹಾಕಬೇಕು ಎಂಬುದನ್ನು ಮರೆತು ಎಷ್ಟೋ ಜನ ಜನರೇಟರನ್ನು ಬರಿ ವ್ಯಾಟ್ ನೋಡಿ ಆರಿಸುತ್ತಾರೆ.

ಬ್ಯಾಟರಿ ತುಂಬಿದಾಗಲೂ ಹೀಗೇ. ತುಂಬಿದ ಬ್ಯಾಟರಿ ಕರೆಂಟ್ ತೆಗೆದುಕೊಳ್ಳುವುದಿಲ್ಲ, ಅಂದರೆ ಲೋಡ್ ಇಲ್ಲ. ಅದಕ್ಕೆ ಡಂಪ್ ಲೋಡ್, ಅಂದರೆ ಹೆಚ್ಚಾದ ವಿದ್ಯುತ್ತನ್ನು ಶಾಖವಾಗಿ ಸುಡುವ ರೆಸಿಸ್ಟರ್, ಬೇಕು. 56 ವೋಲ್ಟ್‌ನಲ್ಲಿ 1,000 ವ್ಯಾಟ್ ಸುಡಲು 3.1 ಓಮ್‌ನ ರೆಸಿಸ್ಟರ್ ಸಾಕು, ಆದರೆ ನಾನು ಅದರ ಎರಡರಷ್ಟು ಸಾಮರ್ಥ್ಯ ಇಡುತ್ತೇನೆ. ಈ ವಿಷಯದಲ್ಲಿ ಹೆಚ್ಚು ಹೇಳಲು ಇಲ್ಲ, ಎಲ್ಲ ಕಡೆ ವಿವರ ಸಿಗುತ್ತದೆ.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಶಾರ್ಟ್ ಸರ್ಕ್ಯೂಟ್ ಬ್ರೇಕಿನ ಹತ್ತಿರ. ಜನರೇಟರ್‌ನ ಮೂರು ಫೇಸ್‌ಗಳನ್ನು ಒಂದಕ್ಕೊಂದು ಸೇರಿಸಿಬಿಟ್ಟರೆ ರೋಟರ್ ನಿಂತೇಬಿಡುತ್ತದೆ ಎಂಬ ನಂಬಿಕೆ ಎಲ್ಲರಿಗೂ ಇದೆ. ಕೈಯಲ್ಲಿ ಶಾಫ್ಟ್ ತಿರುಗಿಸಿ ನೋಡಿದರೆ ಹಾಗೇ ಅನ್ನಿಸುತ್ತದೆ, ಫೇಸ್ ಸೇರಿಸಿದರೆ ಶಾಫ್ಟ್ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆ ಅನುಭವ ನಿಧಾನ ವೇಗದ್ದು. ವೈಂಡಿಂಗ್‌ಗೆ (ಜನರೇಟರ್‌ನ ತಂತಿ ಸುರುಳಿಗೆ) ರೆಸಿಸ್ಟೆನ್ಸ್ ಇರುವಂತೆ ಇಂಡಕ್ಟೆನ್ಸ್, ಅಂದರೆ ಕರೆಂಟ್ ಬದಲಾಗುವುದನ್ನು ತಡೆಯುವ ಗುಣ, ಕೂಡ ಇದೆ. ವೇಗ ಏರಿದಂತೆ ಆವರ್ತನ ಏರುತ್ತದೆ, ಇಂಡಕ್ಟೆನ್ಸ್‌ನ ತಡೆ ಏರುತ್ತದೆ. ಆ ತಡೆ ರೆಸಿಸ್ಟೆನ್ಸ್‌ಗೆ ಸಮನಾದ ವೇಗದಲ್ಲಿ ಬ್ರೇಕಿನ ಟಾರ್ಕ್ ಶಿಖರ ಮುಟ್ಟುತ್ತದೆ. ಅದಕ್ಕಿಂತ ವೇಗ ಹೆಚ್ಚಿದರೆ ಬ್ರೇಕ್ ದುರ್ಬಲವಾಗುತ್ತ ಹೋಗುತ್ತದೆ.

ನಮ್ಮ ಜನರೇಟರ್‌ಗೆ ಅಂಕಿ ಹಾಕೋಣ. ಫೇಸ್ ಒಂದಕ್ಕೆ ರೆಸಿಸ್ಟೆನ್ಸ್ 0.5 ಓಮ್, ಇಂಡಕ್ಟೆನ್ಸ್ 2 ಮಿಲಿಹೆನ್ರಿ, 8 ಜೋಡಿ ಪೋಲ್, ಸೆಕೆಂಡಿಗೆ ಒಂದು ರೇಡಿಯನ್‌ಗೆ 0.9 ವೋಲ್ಟ್. ಶಿಖರ ಬರುವುದು ಕೇವಲ 300 ಆರ್‌ಪಿಎಂಗೆ, ಅಲ್ಲಿ ಬ್ರೇಕ್ ಟಾರ್ಕ್ 76 ನ್ಯೂಟನ್-ಮೀಟರ್. 10 ಮೀಟರ್ ಗಾಳಿಯಲ್ಲಿ 510 ಆರ್‌ಪಿಎಂನಲ್ಲಿರುವಾಗ ಬ್ರೇಕ್ ಹಾಕಿದರೆ 66 ಸಿಗುತ್ತದೆ, ಗಾಳಿಯ ಕಡೆ ಇರುವುದು 14. ರೋಟರ್ ತಕ್ಷಣ ತಗ್ಗುತ್ತದೆ. 15 ಮೀಟರ್ ಗಾಳಿಯಲ್ಲಿ ಬ್ರೇಕಿಗೆ 52, ಗಾಳಿಗೆ 32. ಇನ್ನೂ ಗೆಲ್ಲುತ್ತದೆ. 20 ಮೀಟರ್ ಗಾಳಿಯಲ್ಲಿ ರೋಟರ್ 1,020ರಲ್ಲಿ ಇರುವಾಗ ಹಾಕಿದರೆ ಬ್ರೇಕಿಗೆ ಉಳಿಯುವುದು 41, ಗಾಳಿ ಕೊಡುವುದು 57. ಬ್ರೇಕ್ ಸೋಲುತ್ತದೆ. ಸೋಲುವಾಗ ವೈಂಡಿಂಗ್ ಒಳಗೆ 4 ಕಿಲೋವ್ಯಾಟ್‌ಗೂ ಹೆಚ್ಚು ಶಾಖ ಸುರಿಯುತ್ತಿರುತ್ತದೆ. ವಾರ್ನಿಷ್ ಸುಟ್ಟು, ಅಯಸ್ಕಾಂತ ಬಿಸಿಯಾಗಿ ಬಲ ಕಳೆದುಕೊಂಡು, ಆಮೇಲೆ ಯಾವ ಬ್ರೇಕೂ ಇಲ್ಲದ ಸ್ಥಿತಿ. ಅಂದರೆ ಅತಿ ಅಗತ್ಯವಾದ ಹೊತ್ತಿನಲ್ಲೇ ಈ ಬ್ರೇಕ್ ಕೈಕೊಡುತ್ತದೆ.

ಇದಕ್ಕೆ ಎರಡು ಪರಿಹಾರ. ಮೊದಲನೆಯದು ಬೇಗ ಹಾಕುವುದು. ಬ್ರೇಕ್ ಬೀಳುವ ವೇಗವನ್ನು 750 ಆರ್‌ಪಿಎಂ ಆಸುಪಾಸಿಗೆ ನಿಗದಿ ಮಾಡಿ, ಒಮ್ಮೆ ಬಿದ್ದ ಮೇಲೆ ಗಾಳಿ ತಣ್ಣಗಾಗುವವರೆಗೆ ಬಿಡಬೇಡಿ. ನಿಧಾನವಾದ ರೋಟರ್‌ನ ಬ್ಲೇಡ್‌ಗಳು ಪೂರ್ತಿ ಸ್ಟಾಲ್ ಆಗಿರುತ್ತವೆ, ಆಗ ಅವುಗಳ ಟಾರ್ಕ್ ಶಿಖರದ ಒಂದು ಪಾಲು ಮಾತ್ರ. ಅದು ಕಾಲುಭಾಗ ಎಂದುಕೊಂಡರೆ 30 ಮೀಟರ್ ಗಾಳಿಯಲ್ಲೂ ನಮ್ಮ ರೋಟರ್ 60-70 ಆರ್‌ಪಿಎಂನಲ್ಲಿ ತೆವಳುತ್ತ ಇರುತ್ತದೆ, ಅಷ್ಟೆ.

ಎರಡನೆಯ ಪರಿಹಾರ ನನಗೆ ಬಹಳ ಇಷ್ಟವಾದದ್ದು. ಫೇಸ್‌ಗಳನ್ನು ನೇರವಾಗಿ ಶಾರ್ಟ್ ಮಾಡುವ ಬದಲು, ಒಂದು ಕಂಟ್ಯಾಕ್ಟರ್ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಬಳಸಿ, ಮೊದಲು ಪ್ರತಿ ಫೇಸಿಗೂ ಒಂದೊಂದು ಹೊರ ರೆಸಿಸ್ಟರ್ ಮೂಲಕ ಸೇರಿಸಿ. ರೆಸಿಸ್ಟೆನ್ಸ್ ಹೆಚ್ಚಾದರೆ ಬ್ರೇಕ್ ಕಡಿಮೆಯಾಗಬೇಕಲ್ಲವೇ ಎಂದು ಮನಸ್ಸು ಹೇಳುತ್ತದೆ. ಲೆಕ್ಕ ಹಾಗೆ ಹೇಳುವುದಿಲ್ಲ. ಶಿಖರದ ಎತ್ತರವನ್ನು ನಿರ್ಧರಿಸುವುದು ಇಂಡಕ್ಟೆನ್ಸ್. ರೆಸಿಸ್ಟೆನ್ಸ್ ನಿರ್ಧರಿಸುವುದು ಶಿಖರ ಯಾವ ವೇಗದಲ್ಲಿ ಬರುತ್ತದೆ ಎಂಬುದನ್ನು ಮಾತ್ರ. ಫೇಸಿಗೆ 1.2 ಓಮ್ ಸೇರಿಸಿದರೆ ಅದೇ 76 ನ್ಯೂಟನ್-ಮೀಟರ್‌ನ ಶಿಖರ 300ರಿಂದ 1,015 ಆರ್‌ಪಿಎಂಗೆ ಸರಿಯುತ್ತದೆ. 20 ಮೀಟರ್ ಗಾಳಿಯ 57ರ ಎದುರು ಈಗ ಬ್ರೇಕ್ ಗೆಲ್ಲುತ್ತದೆ. ಜೊತೆಗೆ ಶಾಖದಲ್ಲಿ ಶೇ 70ರಷ್ಟು ಹೊರಗಿನ ರೆಸಿಸ್ಟರ್‌ಗೆ ಹೋಗುತ್ತದೆ, ವೈಂಡಿಂಗ್ ಉಳಿದುಕೊಳ್ಳುತ್ತದೆ. ಕೆಲವು ಸೆಕೆಂಡಿನಲ್ಲಿ ವೇಗ 300ಕ್ಕೆ ಇಳಿದ ಮೇಲೆ ಎರಡನೇ ಕಂಟ್ಯಾಕ್ಟರ್ ರೆಸಿಸ್ಟರನ್ನು ಬೈಪಾಸ್ ಮಾಡಿ ನೇರ ಶಾರ್ಟ್‌ಗೆ ತರುತ್ತದೆ. ಎರಡು ಕಂಟ್ಯಾಕ್ಟರ್, ಮೂರು ರೆಸಿಸ್ಟರ್, ಆವರ್ತನ ನೋಡಿ ಅವುಗಳನ್ನು ನಡೆಸುವ ಒಂದು ರಿಲೇ. ಇದಕ್ಕಿಂತ ಹೆಚ್ಚು ಸಾಮಾನು ಬೇಡ.

ಕಂಟ್ಯಾಕ್ಟರ್ ಬಗ್ಗೆ ಎರಡು ಮಾತು. ಕಾಯಿಲ್‌ಗೆ ಕರೆಂಟ್ ಇದ್ದಾಗ ತೆರೆದಿರುವ, ಕರೆಂಟ್ ಹೋದರೆ ಮುಚ್ಚಿಕೊಳ್ಳುವ ಬಗೆಯದನ್ನೇ ಹಾಕಿ. ಬ್ಯಾಟರಿ ಸತ್ತರೆ, ವೈರ್ ತುಂಡಾದರೆ, ಫ್ಯೂಸ್ ಹೋದರೆ ಬ್ರೇಕ್ ತಾನಾಗಿ ಬೀಳಬೇಕು. ಹಾಗೆಯೇ ಅದು ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್‌ಗೆ ಮುಂಚೆ, ಎಸಿ ಕಡೆಯಲ್ಲೇ ಇರಬೇಕು. ರೆಕ್ಟಿಫೈಯರ್ ಆದ ಮೇಲೆ ಶಾರ್ಟ್ ಮಾಡುವ ವ್ಯವಸ್ಥೆಯಲ್ಲಿ ಒಂದು ಡಯೋಡ್ ತೆರೆದುಕೊಂಡರೂ ಬ್ರೇಕ್ ಅರ್ಧಂಬರ್ಧ. ಇನ್ನು ಕಂಟ್ರೋಲರ್‌ನ ಇನ್‌ಪುಟ್ ಮಿತಿ. ನಮ್ಮ ಜನರೇಟರ್ 510ರಲ್ಲಿ ಡಿಸಿ ಕಡೆ ಸುಮಾರು 117 ವೋಲ್ಟ್ ತೋರಿಸಿದರೆ 1,780ರಲ್ಲಿ 410 ವೋಲ್ಟ್ ತೋರಿಸುತ್ತದೆ. 150 ವೋಲ್ಟ್‌ನ ಕಂಟ್ರೋಲರ್ ವೇಗ ಅತಿಯಾದಾಗ ಮೊದಲು ಸಾಯುವ ಭಾಗ. ಅದನ್ನು ನಂಬಿ ಬ್ರೇಕ್ ಹಾಕಿಸುವುದು ಎಂದರೆ ಸಾಯುವವನ ಕೈಗೆ ಬೀಗದ ಕೈ ಕೊಟ್ಟ ಹಾಗೆ.

ಈಗ ಡಕ್ಟ್‌ಗೆ ವಾಪಸ್ ಬರೋಣ. ಗಾಳಿಯನ್ನು ಎಳೆಯುವುದು ಡಿಫ್ಯೂಸರ್‌ನ ತಗ್ಗಿದ ಒತ್ತಡ ಎಂದೆನಲ್ಲ, ಆ ಒತ್ತಡವನ್ನು ಹಾಳು ಮಾಡಿದರೆ ಎಳೆತವೇ ಇಲ್ಲ. ಡಿಫ್ಯೂಸರ್‌ನ ಗೋಡೆಯಲ್ಲಿ ಕಿಂಡಿ ತೆರೆದರೆ ಹೊರಗಿನ ಗಾಳಿ ಒಳನುಗ್ಗಿ ಒತ್ತಡ ತುಂಬಿಬಿಡುತ್ತದೆ. ಗೋಡೆಗೆ ಅಂಟಿದ್ದ ಹರಿವು ಕಿತ್ತುಕೊಳ್ಳುತ್ತದೆ. ಯಂತ್ರ ಬರಿ ರೋಟರ್‌ನ ಮಟ್ಟಕ್ಕೆ, ಇಲ್ಲವೇ ಅದಕ್ಕೂ ಕೆಳಕ್ಕೆ ಬರುತ್ತದೆ. ಜೋರು ಗಾಳಿಗೆ ದಾರಿ ಬಿಟ್ಟುಕೊಡುವ ಈ ವಿಚಾರ ಹೊಸದೇನಲ್ಲ. 1772ರಲ್ಲಿ ಸ್ಕಾಟ್ಲೆಂಡಿನ ಆಂಡ್ರ್ಯೂ ಮೀಕಲ್ ಹಿಟ್ಟಿನ ಗಾಳಿಗಿರಣಿಯ ರೆಕ್ಕೆಗಳ ಬಟ್ಟೆ ತೆಗೆದು ಸ್ಪ್ರಿಂಗ್ ಹಿಡಿದ ಪಟ್ಟಿಬಾಗಿಲುಗಳನ್ನು ಜೋಡಿಸಿದ. ಗಾಳಿ ಮಿತಿ ಮೀರಿದಾಗ ಬಾಗಿಲುಗಳು ತೆರೆದು ಹೆಚ್ಚಿನ ಗಾಳಿಯನ್ನು ಬಿಟ್ಟುಬಿಡುತ್ತಿದ್ದವು. ಅವನು ರೆಕ್ಕೆಯಲ್ಲಿ ಮಾಡಿದ್ದನ್ನು ನಾವು ಡಕ್ಟ್‌ನ ಗೋಡೆಯಲ್ಲಿ ಮಾಡಬೇಕು.

ಬಲಗಳ ಅಂದಾಜು ನೋಡಿ. ಡಕ್ಟ್‌ನ ಕಂಠದಲ್ಲಿ, ಅಂದರೆ ಅತಿ ಕಿರಿದಾದ ಕಡೆ, ಗಾಳಿಯ ವೇಗ ಹೊರಗಿನದರ 1.4 ಪಟ್ಟು ಇದ್ದರೆ ಒಳಗಿನ ಒತ್ತಡ ಹೊರಗಿಗಿಂತ ಎಷ್ಟು ಕಡಿಮೆ? 13 ಮೀಟರ್ ಗಾಳಿಯಲ್ಲಿ ಸುಮಾರು 100 ಪ್ಯಾಸ್ಕಲ್. 20 ಸೆಂಟಿಮೀಟರ್‌ಗೆ 25 ಸೆಂಟಿಮೀಟರ್‌ನ ಬಾಗಿಲಿನ ಮೇಲೆ ಇದು 5 ನ್ಯೂಟನ್, ಅರ್ಧ ಕಿಲೋ ತೂಕದಷ್ಟು. ಗಾಳಿ ಇಮ್ಮಡಿಯಾದರೆ ನಾಲ್ಕು ಪಟ್ಟು. ಅಂದರೆ ಹೊರಗಿನ ಒತ್ತಡವೇ ಬಾಗಿಲನ್ನು ಒಳಕ್ಕೆ ತಳ್ಳಿ ತೆರೆಯಬಲ್ಲದು, ಮೋಟರ್ ಬೇಡ. ಎಷ್ಟಕ್ಕೆ ತೆರೆಯಬೇಕು ಎಂಬುದನ್ನು ಸ್ಪ್ರಿಂಗ್ ಬಿಗಿಸಿ ಹೊಂದಿಸಿಕೊಳ್ಳಬಹುದು.

ಇಲ್ಲೊಂದು ಗಂಟು ಇದೆ. ಬಾಗಿಲು ತೆರೆದ ಕೂಡಲೇ ಒಳಗಿನ ತಗ್ಗಿದ ಒತ್ತಡ ಮಾಯವಾಗುತ್ತದೆ, ಬಾಗಿಲು ತೆರೆದಿಡುವ ಬಲವೂ ಮಾಯವಾಗುತ್ತದೆ, ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ, ಮತ್ತೆ ಒತ್ತಡ ಕುಸಿಯುತ್ತದೆ, ಮತ್ತೆ ತೆರೆಯುತ್ತದೆ. ಬಾಗಿಲು ಪಟಪಟ ಬಡಿದುಕೊಂಡು ಕೀಲು ಕಿತ್ತುಬರುತ್ತದೆ. ಕೀಲನ್ನು ಎಲ್ಲಿಡುತ್ತೀರಿ ಎಂಬುದರಲ್ಲಿ ಇದರ ಪರಿಹಾರ ಇದೆ. ಬಾಗಿಲಿನ ಮುಂದಂಚಿನಲ್ಲಿ, ರೋಟರ್ ಕಡೆಗೆ, ಕೀಲಿಟ್ಟರೆ ಒಳಗಿನ ಹರಿವು ಬಾಗಿಲನ್ನು ಗೋಡೆಯ ಕಡೆಗೇ ಒತ್ತುತ್ತದೆ. ಕೀಲನ್ನು ಹಿಂದಂಚಿಗೆ ಸರಿಸಿ. ಆಗ ಮುಂದಂಚು ಒಳಕ್ಕೆ ಏಳುತ್ತಿದ್ದಂತೆ ಹರಿವು ಅದರ ಕೆಳಗೆ ಹೊಕ್ಕು ಬಾಗಿಲನ್ನು ಪೂರ್ತಿ ಎಬ್ಬಿಸಿ ಹಿಡಿಯುತ್ತದೆ. ಮುಚ್ಚಿದ ಸ್ಥಿತಿಯಲ್ಲಿ ಒಂದು ಸಣ್ಣ ಅಯಸ್ಕಾಂತ ಹಿಡಿದುಕೊಂಡಿರಲಿ. ಸಂದು ಬಿಟ್ಟ ತಕ್ಷಣ ಅಯಸ್ಕಾಂತದ ಹಿಡಿತ ಸಡಿಲವಾಗುವುದರಿಂದ ಬಾಗಿಲು ಅರೆಮನಸ್ಸಿನಲ್ಲಿ ತೂಗಾಡದೆ ಒಮ್ಮೆಗೇ ತೆರೆಯುತ್ತದೆ. 60 ಡಿಗ್ರಿಗೆ ರಬ್ಬರ್ ತಡೆ ಇಡಿ. ಗಾಳಿ 8 ಮೀಟರ್‌ಗೆ ಇಳಿದ ಮೇಲೆ ಸ್ಪ್ರಿಂಗ್ ಅದನ್ನು ವಾಪಸ್ ಎಳೆಯುವಂತೆ ಹೊಂದಿಸಿ. ತೆರೆಯುವ ಗಾಳಿಗೂ ಮುಚ್ಚುವ ಗಾಳಿಗೂ ಇಷ್ಟು ಅಂತರ ಇದ್ದರೇ ಒಳ್ಳೆಯದು. ಬಾಗಿಲುಗಳು ಎದುರು-ಬದುರು ಜೋಡಿಯಾಗಿ ಇರಲಿ, ಒಂದೇ ಕಡೆ ತೆರೆದರೆ ಪ್ರತಿ ಸುತ್ತಿಗೂ ಪ್ರತಿ ಬ್ಲೇಡಿಗೆ ಒಂದು ಏಟು ಬೀಳುತ್ತದೆ. ರೋಟರ್‌ನಿಂದ ಸಾಕಷ್ಟು ಹಿಂದೆಯೇ ಇರಲಿ, ಕಿತ್ತುಬಂದ ಬಾಗಿಲು ಬ್ಲೇಡಿಗೆ ಸಿಗಬಾರದು.

ಇದು ಒಂದೇ ಸಾಲದು ಎಂಬುದನ್ನೂ ಹೇಳಬೇಕು. ಶಕ್ತಿಯ ಪ್ರಮಾಣ ಶೇ 70ರಿಂದ ಶೇ 30ಕ್ಕೆ ಇಳಿಯಿತು ಎನ್ನಿ, ಗಾಳಿ 12ರಿಂದ 24ಕ್ಕೆ ಹೋದಾಗ ಎಂಟು ಪಟ್ಟು ಏರುವುದನ್ನು ಅದು ತಡೆಯಲಾರದು. ಆದರೆ ಟಾರ್ಕ್ ಅರ್ಧಕ್ಕೆ ಇಳಿದರೂ ಆಗಲೇ ನೋಡಿದ 57 ಎದುರು 41ರ ಸೋಲು ಗೆಲುವಾಗಿ ತಿರುಗುತ್ತದೆ. ಡಕ್ಟ್ ಬಿಟ್ಟುಕೊಟ್ಟರೆ ಬ್ರೇಕಿಗೆ ಉಸಿರು. ಇವೆರಡೂ ಒಂದರ ಹಂಗಿಲ್ಲದೆ ಇನ್ನೊಂದು ಕೆಲಸ ಮಾಡುವಂಥವು ಎಂಬುದು ನನಗೆ ಅತಿ ಮುಖ್ಯ.

ರೋಟರ್ ನಿಂತರೆ ಅಪಾಯ ಕಳೆಯಿತು ಎಂದು ಕೂರುವ ಹಾಗೂ ಇಲ್ಲ. ಬರಿ ರೋಟರ್ ನಿಂತಾಗ ಗಾಳಿಗೆ ಸಿಗುವುದು ಬ್ಲೇಡ್‌ಗಳ ಮೈ ಮಾತ್ರ. ಡಕ್ಟ್ ನಿಂತಾಗಲೂ ಡಕ್ಟೇ. ಸಣ್ಣ ಗಾಳಿಯಂತ್ರಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 61400-2 ಮೂರನೇ ವರ್ಗದ ಯಂತ್ರಕ್ಕೆ 50 ವರ್ಷಕ್ಕೊಮ್ಮೆ ಬರಬಹುದಾದ ಬೀಸನ್ನು ಸೆಕೆಂಡಿಗೆ 52.5 ಮೀಟರ್ ಎಂದು ಹಿಡಿಯುತ್ತದೆ. 2.1 ಮೀಟರ್ ಬಾಯಿಯ ಡಕ್ಟ್‌ಗೆ, ಡ್ರ್ಯಾಗ್ ಗುಣಾಂಕ 1 ಎಂದುಕೊಂಡರೆ, ಅದು 5,800 ನ್ಯೂಟನ್. ಕಂಬದ ತುದಿಗೆ 600 ಕಿಲೋ ಅಡ್ಡ ಎಳೆತ. ಕಂಬ ಮತ್ತು ಬುನಾದಿಯನ್ನು ಈ ಅಂಕಿಗೆ ಕಟ್ಟಿ, ಯಂತ್ರದ ವ್ಯಾಟ್‌ಗೆ ಅಲ್ಲ.

ಮಾತಿನ ನಂತರ ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸಿದ್ದೇನೆ.

ಬೈಕಿನ ಡಿಸ್ಕ್ ಬ್ರೇಕ್ ಹಾಕಿದರೆ ಇಷ್ಟೆಲ್ಲ ಏಕೆ ಬೇಕು ಎಂದು ಒಬ್ಬರು ಕೇಳಿದರು. ಟಾರ್ಕ್‌ಗೆ ಅದು ಸಾಲುತ್ತದೆ. ಆದರೆ ಮಳೆಯಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕೂತ ಕ್ಯಾಲಿಪರ್ ಬೇಕೆಂದ ದಿನ ಜಗ್ಗದಿರುವ ಸಾಧ್ಯತೆ ದೊಡ್ಡದು. ನಾನು ಅದನ್ನು ರಿಪೇರಿಗೆ ಹತ್ತುವಾಗ ರೋಟರ್ ಕದಲದಂತೆ ಹಿಡಿಯಲು ಇಡುತ್ತೇನೆ. ಶಾರ್ಟ್ ಸರ್ಕ್ಯೂಟ್ ಬ್ರೇಕ್ ರೋಟರನ್ನು ತೆವಳಿಸುತ್ತದೆಯೇ ಹೊರತು ಪೂರ್ತಿ ನಿಲ್ಲಿಸುವುದಿಲ್ಲ, ಆ ಕೆಲಸಕ್ಕೆ ಡಿಸ್ಕ್ ಅಥವಾ ಒಂದು ಗಟ್ಟಿ ಪಿನ್ ಬೇಕೇ ಬೇಕು.

ಯಂತ್ರ ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಗುಂಯ್‌ಗುಡುತ್ತದೆ, ಏಕೆ ಎಂಬುದು ಇನ್ನೊಬ್ಬರ ಪ್ರಶ್ನೆ. ಡಕ್ಟನ್ನು ಹಿಡಿದಿರುವ ಕಡ್ಡಿಗಳನ್ನು ಬ್ಲೇಡ್‌ಗಳು ದಾಟುವ ಆವರ್ತನ ಡಕ್ಟ್‌ನ ಸ್ವಂತ ಕಂಪನಕ್ಕೆ ಕೂಡಿಬರುತ್ತಿರಬಹುದು. ಐದು ಬ್ಲೇಡ್, 510 ಆರ್‌ಪಿಎಂ ಅಂದರೆ 42 ಹರ್ಟ್ಸ್. ಬ್ಲೇಡ್ ಎಷ್ಟೋ ಕಡ್ಡಿಯೂ ಅಷ್ಟೇ ಇದ್ದರೆ ಎಲ್ಲ ಏಟೂ ಒಂದೇ ಕ್ಷಣಕ್ಕೆ ಬೀಳುತ್ತವೆ. ಐದು ಬ್ಲೇಡಿಗೆ ನಾಲ್ಕು ಕಡ್ಡಿ ಇಡಿ. ಆದರೂ ಉಳಿದರೆ ಆ ವೇಗದ ಪಟ್ಟಿಯಲ್ಲಿ ತಂಗದೆ ಬೇಗ ದಾಟಿಹೋಗುವಂತೆ ಕಂಟ್ರೋಲರ್‌ನ ಟಾರ್ಕ್ ಗೆರೆಯನ್ನು ತಿದ್ದಿ.

ಇದನ್ನೆಲ್ಲ ಪರೀಕ್ಷಿಸುವುದು ಯಾವ ಕ್ರಮದಲ್ಲಿ ಎಂಬುದು ಕೊನೆಯ ಪ್ರಶ್ನೆ. ಮೊದಲು ನೆಲದ ಮೇಲೆ, ಬ್ಲೇಡ್ ಇಲ್ಲದೆ. ಜನರೇಟರನ್ನು ಮೋಟರ್‌ನಿಂದ ತಿರುಗಿಸಿ ವೋಲ್ಟೇಜ್, ರೆಸಿಸ್ಟೆನ್ಸ್, ಇಂಡಕ್ಟೆನ್ಸ್ ಅಳೆಯಿರಿ. ಶಾರ್ಟ್ ಮಾಡಿ ಬೇರೆ ಬೇರೆ ವೇಗದಲ್ಲಿ ಟಾರ್ಕ್ ಅಳೆದು ಶಿಖರ ಎಲ್ಲಿದೆ ಎಂದು ಗುರುತು ಹಾಕಿಕೊಳ್ಳಿ, ಹೊರ ರೆಸಿಸ್ಟರ್‌ನ ಬೆಲೆ ಅಲ್ಲಿಂದಲೇ ಬರುತ್ತದೆ. ಆಮೇಲೆ ಕಂಬದ ಮೇಲೆ, ಡಕ್ಟ್‌ನ ಎಲ್ಲ ಬಾಗಿಲುಗಳನ್ನೂ ತೆರೆದು ಕಟ್ಟಿ, ಸೌಮ್ಯ ಗಾಳಿಯಲ್ಲಿ ಓಡಿಸಿ. ಬ್ರೇಕ್ ಸರಿಯಾಗಿ ಬೀಳುತ್ತಿದೆ ಎಂದು ಖಾತ್ರಿಯಾದ ಮೇಲೆ ಬಾಗಿಲುಗಳನ್ನು ಜೋಡಿ ಜೋಡಿಯಾಗಿ ಸ್ಪ್ರಿಂಗ್‌ಗೆ ಒಪ್ಪಿಸುತ್ತ ಬನ್ನಿ. ಕೊನೆಯ ಜೋಡಿಯನ್ನು ಮುಚ್ಚುವ ಮುಂಚೆ, 6-7 ಮೀಟರ್ ಗಾಳಿ ಇರುವ ದಿನ, ಬ್ಯಾಟರಿ ಕಡೆಯ ಫ್ಯೂಸನ್ನು ಬೇಕೆಂದೇ ತೆಗೆಯಿರಿ. ವೇಗ ಎಷ್ಟರವರೆಗೆ ಏರಿತು, ಕಂಟ್ಯಾಕ್ಟರ್ ಎಷ್ಟಕ್ಕೆ ಬಿತ್ತು, ತೆವಳುವ ವೇಗಕ್ಕೆ ಇಳಿಯಲು ಎಷ್ಟು ಸೆಕೆಂಡ್ ಹಿಡಿಯಿತು, ಈ ಮೂರನ್ನೂ ಬರೆದಿಡಿ.